ಮುನ್ನೂರ ಹದಿನೇಳನೆಯ ಚೀಟಿ

ಸೂಜಿಯಕ್ಕನ ಕೈಗುಣದ ಬಗ್ಗೆ ಆ ಕಟ್ಟಡದಲ್ಲಿ ಎರಡು ಮಾತಿರಲಿಲ್ಲ. ಮೂರನೆಯ ಮಹಡಿಯ ರಕ್ತದ ಕೋಣೆಯಲ್ಲಿ ಹನ್ನೊಂದು ವರ್ಷ, ಸೂಜಿ ಕಂಡರೆ ಸೂರು ಹಾರುವ ಹಾಗೆ ಕಿರುಚುವ ಮಕ್ಕಳನ್ನು ಕೂರಿಸಿಕೊಂಡು, ಮಾತಾಡಿಸುತ್ತ ಆಡಿಸುತ್ತಲೇ ರಕ್ತ ತೆಗೆದು, “ಮುಗೀತು ಕಣೋ, ಇನ್ನೂ ಯಾಕೆ ಅಳ್ತೀಯ ಕಳ್ಳ” ಎಂದು ಕಳಿಸಿದವಳು ಅವಳು. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ದೊಡ್ಡ ಡಾಕ್ಟರಮ್ಮನಿಂದ ಹಿಡಿದು ನೆಲ ಒರೆಸುವವನವರೆಗೆ ಎಲ್ಲರ ಬಾಯಲ್ಲೂ ಸೂಜಿಯಕ್ಕ. “ನನ್ನ ಸೂಜಿ ಚುಚ್ಚಲ್ಲ, ನನ್ನ ಬಾಯಿ ಚುಚ್ಚುತ್ತೆ” ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಅಂಥವಳು ಬಾಯಿ ಮುಚ್ಚಿಕೊಂಡೇ ಮಾಡಿದ ನೋವಿನ ಕಥೆ ಇದು.

ಅಲ್ಲಿ ನಡೆಯುತ್ತಿದ್ದದ್ದು ಆಟಿಸಂ ಇರುವ ಮಕ್ಕಳ ವಂಶವಾಹಿಗಳ ಸಂಶೋಧನೆ. ಒಂದು ಕುಟುಂಬದಿಂದ ಮೂರು ಕೊಳವೆ ರಕ್ತ: ಅಪ್ಪನದೊಂದು, ಅಮ್ಮನದೊಂದು, ಮಗುವಿನದೊಂದು. ಮಗುವಿನ ರಕ್ತದಲ್ಲಿ ಯಾವುದಾದರೂ ಬದಲಾವಣೆ ಕಂಡರೆ ಅದು ಯಾರ ಕಡೆಯಿಂದ ಬಂತೆಂದು ಹೋಲಿಸಿ ನೋಡುವುದು. ರಕ್ತ ತೆಗೆದವರಿಗೆ ಫಲಿತಾಂಶ ತಿಳಿಯಬಾರದು, ಫಲಿತಾಂಶ ಓದುವವರಿಗೆ ಹೆಸರು ತಿಳಿಯಬಾರದು. ಅದಕ್ಕೇ ಕುಟುಂಬಕ್ಕೊಂದು ಸಂಖ್ಯೆ. ಸಂಖ್ಯೆ ಅಚ್ಚಾದ ಅಂಟುಚೀಟಿಗಳು, ಒಂದು ಸಂಖ್ಯೆಗೆ ಮೂರರಂತೆ, ಸುರುಳಿಯಾಗಿ ಬರುತ್ತಿದ್ದವು. ಒಂದಾದ ಮೇಲೊಂದು ಸಾಲು ತಪ್ಪದೆ ಕಿತ್ತು ಕೊಳವೆಗೆ ಅಂಟಿಸಿ, ಪುಸ್ತಕದಲ್ಲೂ ಅದೇ ಸಾಲಿನಲ್ಲಿ ತಾರೀಖು ಬರೆಯಬೇಕು. ಯಾವ ಸಂಖ್ಯೆ ಯಾರ ಮನೆಯದು ಎಂಬ ಪಟ್ಟಿ ಕಬ್ಬಿಣದ ಬೀರುವಿನಲ್ಲಿ, ಬೀರುವಿನ ಕೀಲಿ ದೊಡ್ಡ ಡಾಕ್ಟರಮ್ಮನ ಕೊರಳಲ್ಲಿ.

ಆ ಹುಡುಗ ಬಂದಾಗ ಅವನಿಗೆ ಒಂಬತ್ತು ವರ್ಷ. ಎರಡೂ ಕಿವಿಯ ಮೇಲೆ ಕೈ ಒತ್ತಿಕೊಂಡು, ಗೋಡೆಗೆ ಅಂಟಿಕೊಂಡು ನಡೆದು ಬಂದ. ಜೊತೆಗೆ ಅಪ್ಪ, ಅಮ್ಮ, ಅಮ್ಮನ ಅಮ್ಮ. ಅಜ್ಜಿ ತಾನೇ ಹೆಣೆದ ಬೂದು ಬಣ್ಣದ ಸ್ವೆಟರ್ ಹಾಕಿಕೊಂಡಿದ್ದರು. ಬಂದವರೇ ಬೆಂಚಿನ ತುದಿಯಲ್ಲಿ ಕೂತು, ಯಾರೂ ಕೇಳದೆಯೇ ಎಡತೋಳು ಮೊಣಕೈವರೆಗೆ ಮಡಚಿ ಸಿದ್ಧವಾಗಿಬಿಟ್ಟರು.

“ಅಜ್ಜೀ, ನಿಮ್ಮ ರಕ್ತ ಬೇಡ. ಮೂರೇ ಜನರದ್ದು ನಮಗೆ ಬೇಕಾಗಿರೋದು,” ಎಂದಳು ಸೂಜಿಯಕ್ಕ.

“ಬೇಕಾಗುತ್ತೆ ಕಣಮ್ಮ, ತಗೋ. ನನ್ನ ಮಗನೂ ಐದು ವರ್ಷ ತುಂಬೋ ತನಕ ತುಟಿ ಬಿಚ್ಚಲಿಲ್ಲ. ಇದು ನನ್ನಿಂದಲೇ ಬಂದಿರೋದು. ನನ್ನಲ್ಲಿ ನೋಡಿದ್ರೆ ಬೇಗ ಸಿಗುತ್ತೆ.”

“ಅಯ್ಯೋ ಅಜ್ಜಿ, ಇದೇನು ನೀವು ಕದ್ದಿಟ್ಟ ಸಾಮಾನಾ, ಹುಡುಕಿದ ತಕ್ಷಣ ಸಿಗೋದಕ್ಕೆ?” ಸೂಜಿಯಕ್ಕ ನಕ್ಕಳು. ಅಜ್ಜಿ ನಗಲಿಲ್ಲ. ಮಡಚಿದ ತೋಳನ್ನು ಇಳಿಸಲೂ ಇಲ್ಲ.

ಹುಡುಗನ ಸರದಿ ಬಂತು. ಕುರ್ಚಿಯ ಹತ್ತಿರವೂ ಸುಳಿಯಲೊಲ್ಲ. ಮಾತಿಗೂ ಜಗ್ಗಲಿಲ್ಲ, ಗೊಂಬೆಗೂ ಜಗ್ಗಲಿಲ್ಲ. ಮೇಜಿನ ಮೇಲಿದ್ದ ಚೀಟಿ ಸುರುಳಿಯನ್ನೇ ನೋಡುತ್ತ, “ಮುನ್ನೂರ ಹದಿನೇಳು,” ಎಂದ. ಮತ್ತೆ ಅಂದ. ಹತ್ತು ಸಲ ಅಂದ.

“ಅದು ನಾವು ಬಂದ ಬಸ್ಸಿನ ನಂಬರು,” ಎಂದಳು ಅವನ ತಾಯಿ. “ಅದೇ ಬೇಕು ಅವನಿಗೆ. ಬೇರೆ ಬಸ್ ಖಾಲಿ ಬಂದ್ರೂ ಹತ್ತಲ್ಲ.”

ಆ ದಿನದ ಸರದಿಯ ಚೀಟಿ ಮುನ್ನೂರ ಎರಡು. ಹೊರಗೆ ಇನ್ನೂ ನಾಲ್ಕು ಕುಟುಂಬ ಕಾಯುತ್ತಿತ್ತು. ಸೂಜಿಯಕ್ಕ ಆಚೀಚೆ ನೋಡಿದಳು. ಸುರುಳಿ ಬಿಚ್ಚಿ, ಹದಿನೈದು ಸಂಖ್ಯೆ ದಾಟಿ, ಮುನ್ನೂರ ಹದಿನೇಳರ ಮೂರನ್ನೂ ಚರ್ರನೆ ಕಿತ್ತು, ಎರಡನ್ನು ಅಪ್ಪ ಅಮ್ಮನ ಕೊಳವೆಗಳಿಗೆ ಅಂಟಿಸಿ, ಒಂದನ್ನು ಹುಡುಗನ ಕೈಗೆ ಕೊಟ್ಟಳು. “ತಗೋ ನಿನ್ನ ಬಸ್ಸು. ನೀನೇ ಅಂಟಿಸು.” ಹುಡುಗ ಅದನ್ನು ಕೊಳವೆಗೆ ಒಂದಿಷ್ಟೂ ಸೊಟ್ಟಗಾಗದಂತೆ ಅಂಟಿಸಿ, ಕುರ್ಚಿಯಲ್ಲಿ ಕೂತು, ತೋಳು ಚಾಚಿದ. ಸೂಜಿ ಹೋಗಿದ್ದೂ ಗೊತ್ತಾಗಲಿಲ್ಲ ಅವನಿಗೆ, ಬಂದಿದ್ದೂ ಗೊತ್ತಾಗಲಿಲ್ಲ.

ಒಳ್ಳೆಯ ಕೆಲಸವೇ ಮಾಡಿದಳು ಅನ್ನಿ. ಹಾಗೆ ಸಾಲು ತಪ್ಪಿದ ದಿನ ಯಾಕೆ ತಪ್ಪಿತು ಎಂದು ಒಂದು ಹಾಳೆ ಬರೆದು ಸಹಿ ಹಾಕಿ ಕೊಡಬೇಕಿತ್ತು, ಅಷ್ಟೆ. ಅದು ಬೇಸರ. ಬದಲಿಗೆ ಸಾಲು ತಪ್ಪಿದ್ದು ಕಾಣದಿರಲೆಂದು, ಪುಸ್ತಕದಲ್ಲಿ ಮುನ್ನೂರ ಹದಿನೇಳರ ಸಾಲಿಗೆ ಅದರ ಸರದಿ ಬರಬೇಕಿದ್ದ ಮೂರು ವಾರ ಮುಂದಿನ ತಾರೀಖು ಹಾಕಿ ಕೈ ತೊಳೆದುಕೊಂಡಳು.

ಇನ್ನೊಂದು ತಪ್ಪೂ ಅದೇ ಗಳಿಗೆಯಲ್ಲಿ ಆಯಿತು. ದೊಡ್ಡವರಿಬ್ಬರಿಗೂ ಒಂದೊಂದು ಒಪ್ಪಿಗೆಯ ಹಾಳೆ. ಕೊನೆಯ ಪ್ರಶ್ನೆ: ಮುಂದೆ ನಿಮ್ಮ ಕುಟುಂಬದ ಬಗ್ಗೆ ಏನಾದರೂ ತಿಳಿದರೆ ನಿಮಗೆ ಹೇಳಬೇಕೆ? ಬೇಕು, ಬೇಡ ಎಂದು ಎರಡು ಚೌಕ. ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೂರಿಸಿ ಕೇಳಬೇಕೆಂಬುದು ಕಟ್ಟಪ್ಪಣೆ. ಸೂಜಿಯಕ್ಕ ಗಂಡನನ್ನು ಕೇಳಿದಳು. ಅವನು ಫೋನಿನಿಂದ ಕಣ್ಣೆತ್ತದೆ, “ಹೇಳೋದೇನಿದೆ? ಯಾರ ಕಡೆಯದು ಅಂತ ನಮಗೆ ಗೊತ್ತಿರೋದೇ. ನಮ್ಮ ವಂಶದಲ್ಲಿ ಇಂಥದ್ದು ಇಲ್ಲ,” ಎಂದು ನಕ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜಾತಿಯವನು. ಸೂಜಿಯಕ್ಕ ‘ಬೇಡ’ದ ಚೌಕಕ್ಕೆ ಗೆರೆ ಎಳೆದಳು. ಅದೇ ಭರದಲ್ಲಿ ಹೆಂಡತಿಯ ಹಾಳೆಯಲ್ಲೂ ಎಳೆದಳು. ಆ ತಾಯಿ ಮಗನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದವಳು, ಸೂಜಿಯಕ್ಕ ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕಿದಳು.

ಹೊರಡುವಾಗ ಅವಳು ಬಾಗಿಲಲ್ಲಿ ಒಂದು ಗಳಿಗೆ ಹಿಂದೆ ಉಳಿದಳು. “ಯಾರಿಂದ ಅಂತ ಗೊತ್ತಾದ್ರೆ ಹೇಳ್ತೀರಾ? ನನಗಿಂತ ನಮ್ಮಮ್ಮನಿಗೆ ಬೇಕು. ಅವರು ಇದೇ ಕೊರಗಲ್ಲಿ ಊಟ ಬಿಟ್ಟಿದ್ದಾರೆ. ದಿನಾ ನನ್ನ ಹತ್ರ ಕ್ಷಮೆ ಕೇಳ್ತಾರೆ.”

ಸೂಜಿಯಕ್ಕನ ಕೈಯಲ್ಲೇ ಇತ್ತು ಆ ಹಾಳೆ. ಗೆರೆ ‘ಬೇಡ’ದ ಮೇಲಿದೆ ಎಂದು ಕಂಡಳು. ಹರಿದು ಬೇರೆ ಹಾಳೆ ತುಂಬಿಸಬಹುದಿತ್ತು. ಊಟದ ಹೊತ್ತಾಗಿತ್ತು, ಹೊರಗೆ ಜನ ಗೊಣಗುತ್ತಿದ್ದರು. “ನೋಡೋಣಮ್ಮ,” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿ ಕಳಿಸಿದಳು. ಅಜ್ಜಿ ಆಗ ತೋಳು ಇಳಿಸುತ್ತ ಹಿಂದೆ ಹಿಂದೆ ಹೋದರು.

ರಕ್ತ ಶೀತಪೆಟ್ಟಿಗೆಗೆ ಹೋಯಿತು. ಈ ಕೆಲಸ ಹಾಗೆಯೇ, ಇಂದು ತೆಗೆದದ್ದನ್ನು ಓದುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಸೂಜಿಯಕ್ಕನ ಬೆನ್ನು ಬಗ್ಗಿತು. ಸಂಜೆಯ ತರಗತಿಗೆ ಹೋಗಿ, ತನಗಿಂತ ಅರ್ಧ ವಯಸ್ಸಿನವರ ಪಕ್ಕ ಕೂತು ಪರೀಕ್ಷೆ ಪಾಸು ಮಾಡಿ, ಎರಡನೆಯ ಮಹಡಿಯ ಫಲಿತಾಂಶ ಓದುವ ಕೋಣೆಯಲ್ಲಿ ಒಂದು ಕುರ್ಚಿ ಗಿಟ್ಟಿಸಿಕೊಂಡಳು. ರಕ್ತ ತೆಗೆದವಳನ್ನು ಅಲ್ಲಿ ಕೂರಿಸಬಹುದೇ ಎಂದು ಯಾರೋ ಕೊಕ್ಕೆ ಹಾಕಿದಾಗ ದೊಡ್ಡ ಡಾಕ್ಟರಮ್ಮನೇ, “ಏಳುನೂರು ಚಿಲ್ಲರೆ ಕುಟುಂಬ. ಯಾವ ನಂಬರು ಯಾರದು ಅಂತ ಯಾರಿಗೆ ನೆನಪಿರುತ್ತೆ?” ಎಂದು ಬಾಯಿ ಮುಚ್ಚಿಸಿದ್ದರು.

ಒಂದೇ ಒಂದು ನೆನಪಿತ್ತು.

ಅದು ಪರದೆಯ ಮೇಲೆ ಬಂದದ್ದು ರಕ್ತ ತೆಗೆದ ಆರು ವರ್ಷಗಳ ಮೇಲೆ, ಒಂದು ಬೆಳಿಗ್ಗೆ. ಕುಟುಂಬ ಮುನ್ನೂರ ಹದಿನೇಳು. ಮಗುವಿನ ಸಾಲಿನಲ್ಲಿ ಒಂದು ವಂಶವಾಹಿಯಲ್ಲಿ ಸ್ಪಷ್ಟವಾದ ಬದಲಾವಣೆ. ಅಪ್ಪನ ಸಾಲಿನಲ್ಲಿ ಅದಿಲ್ಲ. ಅಮ್ಮನ ಸಾಲಿನಲ್ಲೂ ಇಲ್ಲ. ಪಕ್ಕದ ಅಂಕಣದಲ್ಲಿ ಒಂದು ಪದ: ಹೊಸದು. ಯಾರಿಂದಲೂ ಇಳಿದು ಬಂದದ್ದಲ್ಲ, ಆ ಮಗುವಿನಲ್ಲೇ ಮೊದಲಾದದ್ದು. ಅಮ್ಮನಲ್ಲೇ ಇಲ್ಲದ್ದು ಅಜ್ಜಿಯಿಂದ ಬರುವುದಾದರೂ ಹೇಗೆ?

ಸೂಜಿಯಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ಮಡಚಿದ ಬೂದು ತೋಳು ಕಣ್ಣಿಗೆ ಕಟ್ಟಿತು. ಈಗಲೇ ಹೋಗಿ ದೊಡ್ಡ ಡಾಕ್ಟರಮ್ಮನಿಗೆ ಹೇಳಬೇಕು ಎಂದುಕೊಂಡು ಬಾಗಿಲವರೆಗೂ ಹೋದಳು. ಬಾಗಿಲಲ್ಲಿ ಕಾಲು ನಿಂತಿತು. ಮುನ್ನೂರ ಹದಿನೇಳು ಯಾರ ಮನೆಯದೆಂದು ನಿನಗೆ ಹೇಗೆ ಗೊತ್ತು ಎಂದು ಅವರು ಕೇಳದೆ ಬಿಡುತ್ತಾರೆಯೇ? ಕೇಳಿದರೆ ಚೀಟಿ ಕಿತ್ತದ್ದು ಹೇಳಬೇಕು. ಹೇಳಿದರೆ ಸುಳ್ಳು ತಾರೀಖು ಹೊರಬೀಳುತ್ತದೆ, ಅದರ ಬಾಲ ಹಿಡಿದು ಆ ‘ಬೇಡ’ದ ಗೆರೆಯೂ ಬರುತ್ತದೆ. ಕುರ್ಚಿ ಸಿಕ್ಕಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ವಾಪಸು ಬಂದು ಕೂತಳು. ನಾಳೆ ಹೇಳಿದರಾಯಿತು ಅಂದುಕೊಂಡಳು.

ನಾಳೆ ಎಂದವನ ಮನೆ ಹಾಳು ಅಂತಾರಲ್ಲ, ಇಲ್ಲಿ ಹಾಳಾದದ್ದು ಬೇರೆಯವರ ಮನೆ. ಮುಂದಿನ ವಾರ ಅಂದಳು. ತಪಾಸಣೆ ಮುಗಿಯಲಿ ಅಂದಳು. ಸಭೆಯಲ್ಲಿ ಯಾರಾದರೂ ಹಳೆಯ ಪುಸ್ತಕಗಳ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನೀರಿನ ಲೋಟ ಎತ್ತಿಕೊಳ್ಳುತ್ತಿದ್ದಳು. ಸಂಜೆ ಮನೆಗೆ ಹೋಗುವಾಗ ಮುನ್ನೂರ ಹದಿನೇಳನೆಯ ಬಸ್ಸು ಬಂದರೆ ಮುಖ ತಿರುಗಿಸುತ್ತಿದ್ದಳು.

ಆ ಬಸ್ಸಿನಿಂದಲೇ ಒಂದು ಸಂಜೆ ಅಜ್ಜಿ ಇಳಿದರು. ಪರದೆಯ ಮೇಲೆ ನೋಡಿ ಎರಡು ತಿಂಗಳಾಗಿತ್ತು. ಅದೇ ಬೂದು ಸ್ವೆಟರ್, ಅಜ್ಜಿ ಮಾತ್ರ ಅದರೊಳಗೆ ಅರ್ಧಕ್ಕೆ ಇಳಿದಿದ್ದರು. ಸೂಜಿಯಕ್ಕನಿಗೆ ತಪ್ಪಿಸಿಕೊಳ್ಳಲು ಹೊತ್ತೇ ಸಿಗಲಿಲ್ಲ.

“ನೀನು ಆ ಸೂಜಿ ಹುಡುಗಿ ಅಲ್ವಾ?” ಅಜ್ಜಿ ಕೈ ಹಿಡಿದುಕೊಂಡರು. “ನಮ್ಮ ಹುಡುಗ ಎಷ್ಟುದ್ದ ಆಗಿದ್ದಾನೆ ಗೊತ್ತಾ? ನನ್ನನ್ನ ಅವನೇ ರಸ್ತೆ ದಾಟಿಸ್ತಾನೆ. ಅದು ಬಿಡು, ಏನಾದ್ರೂ ಗೊತ್ತಾಯ್ತೇನಮ್ಮ?”

ಗಂಟಲಿನವರೆಗೂ ಬಂದಿತ್ತು. ಮೂರು ಪದ: ನಿಮ್ಮಿಂದ ಬಂದದ್ದಲ್ಲ ಅಜ್ಜಿ. ಒಂದೇ ಉಸಿರಿಗೆ ಹೇಳಿಬಿಡಬಹುದಿತ್ತು. “ಇನ್ನೂ ಇಲ್ಲ ಅಜ್ಜಿ,” ಎಂದಳು ಸೂಜಿಯಕ್ಕ. “ಗೊತ್ತಾದ ದಿನ ನಾನೇ ಓಡಿ ಬಂದು ಹೇಳ್ತೀನಿ.”

“ಅವಸರ ಏನಿಲ್ಲ. ನಾನೆಲ್ಲಿಗೆ ಹೋಗ್ತೀನಿ?” ಎಂದು ಅಜ್ಜಿ ಅವಳ ಕೆನ್ನೆ ತಟ್ಟಿ ಹೊರಟರು.

ಆ ದಿನ ಮನೆಗೆ ಹೋದವಳು ತನ್ನನ್ನು ತಾನೇ ಬಾಯಿಗೆ ಬಂದಂತೆ ಬೈದುಕೊಂಡಳು. ಬೈದುಕೊಂಡರೆ ಏನು ಬಂತು? ಮಾರನೆಯ ದಿನವೂ ಹೇಳಲಿಲ್ಲ. ಆ ವರ್ಷವೂ ಹೇಳಲಿಲ್ಲ, ಮರುವರ್ಷವೂ ಹೇಳಲಿಲ್ಲ. ಹೊಟ್ಟೆಯೊಳಗೆ ಇಟ್ಟುಕೊಂಡ ಮಾತು ತಾನಾಗಿ ಕರಗುತ್ತದೆ ಅಂದುಕೊಂಡಿದ್ದಳೋ ಏನೋ.

ಕೊನೆಗೆ ಹೇಳಿಸಿದ್ದು ಒಂದು ಸುತ್ತೋಲೆ. ಸಂಶೋಧನೆ ಮುಗಿಯುತ್ತ ಬಂದಿದೆ, ತಿಂಗಳ ಕೊನೆಗೆ ಬೀರುವಿನಲ್ಲಿರುವ ಪಟ್ಟಿಯನ್ನು ಚೂರು ಮಾಡಲಾಗುವುದು, ಆಮೇಲೆ ಯಾವ ಸಂಖ್ಯೆ ಯಾರದೆಂದು ಯಾರೂ ಹೇಳಲಾಗದು. ಸೂಜಿಯಕ್ಕ ಅದನ್ನು ಎರಡು ಸಲ ಓದಿದಳು. ಅಜ್ಜಿಯ ಮನೆ ಎಲ್ಲಿದೆ ಎಂದು ಅವಳಿಗೂ ಗೊತ್ತಿರಲಿಲ್ಲ, ವಿಳಾಸ ಇದ್ದದ್ದು ಆ ಪಟ್ಟಿಯಲ್ಲಿ ಮಾತ್ರ. ನೆಟ್ಟಗೆ ದೊಡ್ಡ ಡಾಕ್ಟರಮ್ಮನ ಕೋಣೆಗೆ ನುಗ್ಗಿ, ಬಾಗಿಲು ಹಾಕಿ, ಚೀಟಿ, ತಾರೀಖು, ಗೆರೆ, ಮೂರನ್ನೂ ಒಂದೇ ಉಸಿರಿಗೆ ಒದರಿದಳು. ಬಸ್ ನಿಲ್ದಾಣದ್ದು ಮಾತ್ರ ಹೇಳಲಿಲ್ಲ.

ದೊಡ್ಡ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಷ್ಟಕ್ಕಾ?” ಎಂದರು. “ಇಷ್ಟಕ್ಕೆ ಎರಡು ಮುಕ್ಕಾಲು ವರ್ಷ ಸುಮ್ಮನಿದ್ಯಾ? ತಾರೀಖು ತಿದ್ದಿದ್ದಕ್ಕೆ ನಿನಗೆ ಒಂದು ಎಚ್ಚರಿಕೆ ಪತ್ರ ಬರ್ತಿತ್ತು. ಆ ತಾಯಿಯ ಒಪ್ಪಿಗೆ ಸರಿಯಾಗಿ ಕೇಳಿಲ್ಲ ಅಂತ ನೀತಿ ಸಮಿತಿಗೆ ನಾನೊಂದು ಪುಟ ಬರೀತಿದ್ದೆ. ಮೂರು ವಾರದ ಕೆಲಸ.”

ಅಷ್ಟೇ ಆಯಿತು ನೋಡಿ. ಎಚ್ಚರಿಕೆ ಪತ್ರ ಬಂತು, ಕುರ್ಚಿ ಹೋಗಲಿಲ್ಲ. ಸಮಿತಿ ಒಪ್ಪಿತು, ಲೆಕ್ಕ ಹಿಡಿದ ಹಾಗೆ ಮೂರೇ ವಾರಕ್ಕೆ. ತಾಯಿಯನ್ನು ಹೊಸದಾಗಿ ಕೇಳಬೇಕು, ಬೇಕು ಅಂದರೆ ಹೇಳಬೇಕು. ಕೇಳಲು ಹೋಗುವವಳು ನೀನೇ ಎಂದರು ದೊಡ್ಡ ಡಾಕ್ಟರಮ್ಮ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಸೂಜಿಯಕ್ಕ ಅಂತೂ ಮುನ್ನೂರ ಹದಿನೇಳನೆಯ ಬಸ್ಸು ಹತ್ತಿದಳು. ಆದರೂ ದಾರಿಯುದ್ದಕ್ಕೂ ಅವಳ ಮನಸ್ಸು ಹಗುರವಾಗಿಯೇ ಇತ್ತು. ಅಜ್ಜಿಗೆ ಮೊದಲು ಹೇಳಬೇಕು, ಕಾಲು ಹಿಡಿದಾದರೂ ಸರಿ, ಕ್ಷಮಿಸುತ್ತಾರೆ ಆ ಮುದುಕಿ, ಕೆನ್ನೆ ತಟ್ಟಿದವರಲ್ಲವೇ ಅಂದುಕೊಂಡಳು.

ಎರಡು ಕೋಣೆಯ ಮನೆ, ನಾಲ್ಕನೆಯ ಮಹಡಿ. ಬಾಗಿಲು ತೆರೆದದ್ದು ಆ ಹುಡುಗನೇ, ಈಗ ಹದಿನೆಂಟರ ಆಳೆತ್ತರ. ಅವಳ ಮುಖ ನೋಡಲಿಲ್ಲ, ಕೈ ನೋಡಿದ. “ಸೂಜಿ ಇಲ್ಲ,” ಎಂದು ತಾಯಿಗೆ ಕೂಗಿ ಹೇಳಿ ಒಳಗೆ ಬಿಟ್ಟ.

ತಾಯಿಯ ತಲೆ ಮುಕ್ಕಾಲು ನರೆತಿತ್ತು. ಇಸ್ತ್ರಿ ಮಾಡುತ್ತಿದ್ದವಳು ಪೆಟ್ಟಿಗೆ ಆರಿಸಿ ಎದುರಿಗೆ ಕೂತಳು. ಗಂಡ ಕೆಲಸಕ್ಕೆ ಹೋಗಿದ್ದಾನೆ ಎಂದಳು. ಸೂಜಿಯಕ್ಕ ಹಾಳೆ ತೆಗೆದು, ಆ ದಿನ ಮಾಡಿದ ತಪ್ಪನ್ನು ಹೇಳಿ, ಕೊನೆಯ ಪ್ರಶ್ನೆಯನ್ನು ಪೂರ್ತಿ ಓದಿದಳು. ಒಂಬತ್ತು ವರ್ಷಗಳ ಮೇಲೆ ಈ ಸಲ ಸರಿಯಾಗಿ ಕೇಳಿದಳು.

“ಬೇಕು,” ಎಂದಳು ತಾಯಿ. ತಾನೇ ಪೆನ್ನು ತೆಗೆದುಕೊಂಡು ಗೆರೆ ಎಳೆದು ಸಹಿ ಹಾಕಿದಳು.

“ಅಜ್ಜಿ ಎಲ್ಲಿ? ಮಲಗಿದ್ದಾರಾ? ಅವರನ್ನೂ ಕರೀರಿ ಅಮ್ಮ, ಅವರೂ ಕೇಳಬೇಕು ಇದನ್ನ,” ಎಂದಳು ಸೂಜಿಯಕ್ಕ. ಧ್ವನಿಯಲ್ಲಿ ಸಂಭ್ರಮವೇ ಇತ್ತು.

ಗೋಡೆ ಕಡೆ ತಿರುಗಿ ಕೂತಿದ್ದ ಹುಡುಗ ಹೇಳಿದ: “ಅಜ್ಜಿ ಇಲ್ಲ. ಅಜ್ಜಿ ಸತ್ತು ಎರಡು ವರ್ಷ ನಾಲ್ಕು ತಿಂಗಳು.”

ಸೂಜಿಯಕ್ಕ ಕೈಯಲ್ಲಿದ್ದ ವರದಿಯ ತಾರೀಖು ನೋಡಿದಳು. ಅವಳು ಪರದೆಯ ಮುಂದೆ ಎದ್ದು ನಿಂತು ಎರಡು ವರ್ಷ ಒಂಬತ್ತು ತಿಂಗಳು. ಐದು ತಿಂಗಳು ಆ ಜೀವ ಇತ್ತು. ಐದು ತಿಂಗಳು, ಪ್ರತಿದಿನ, ಒಂದು ಬಸ್ಸಿನ ದೂರದಲ್ಲಿ ಇತ್ತು.

“ಹೇಳಿ,” ಎಂದಳು ತಾಯಿ. “ಬಂದಿದ್ದೀರಲ್ಲ, ಹೇಳಿ.”

ಹೇಳಿದಳು. ತಡವರಿಸದೆ ಹೇಳಿದಳು. ನಿಮ್ಮಿಂದಲೂ ಬಂದದ್ದಲ್ಲ, ನಿಮ್ಮ ಯಜಮಾನರಿಂದಲೂ ಅಲ್ಲ. ಅಜ್ಜಿಯಿಂದಂತೂ ಅಲ್ಲವೇ ಅಲ್ಲ. ನಿಮ್ಮ ತಮ್ಮ ತಡವಾಗಿ ಮಾತಾಡಿದ್ದಕ್ಕೂ ಇದಕ್ಕೂ ನಂಟಿಲ್ಲ. ಮಗು ಮೂಡುವ ಹೊತ್ತಿನಲ್ಲಿ ತಾನಾಗಿ ಆದದ್ದು, ಹೆಣೆಯುವಾಗ ಒಂದು ಕುಣಿಕೆ ತಪ್ಪಿ ಹೋಗುತ್ತದಲ್ಲ ಹಾಗೆ.

“ತಪ್ಪಿ ಅನ್ನಬೇಡಿ, ಅವನಿಗೆ ಎಲ್ಲ ಕೇಳಿಸುತ್ತೆ,” ಎಂದಳು ತಾಯಿ. “ಬೇರೆ ಥರ ಹೆಣೆದಿದ್ದು ಅನ್ನಿ. ಅಮ್ಮನಿಗೆ ಅದು ಚೆನ್ನಾಗಿ ಅರ್ಥ ಆಗ್ತಿತ್ತು.” ವರದಿ ಕೇಳಿ ತೆಗೆದುಕೊಂಡಳು. ಓದಲಿಲ್ಲ, ಬೆರಳಿಟ್ಟು ತಾರೀಖು ಹುಡುಕಿದಳು. ಬೆರಳು ಅಲ್ಲೇ ನಿಂತಿತು.

“ಆಸ್ಪತ್ರೆಯಲ್ಲಿ ಕೊನೇ ವಾರ,” ಎಂದಳು, “ಇವನ ಕೈ ಹಿಡ್ಕೊಂಡು, ನಿನಗೆ ಕೊಡಬಾರದ್ದು ಕೊಟ್ಟೆ ಕಂದಾ ಅಂತಿದ್ರು. ಇವನು, ನೀನು ಸ್ವೆಟರ್ ಕೊಟ್ಟೆ ಅಜ್ಜಿ, ಬೇರೇನೂ ಕೊಟ್ಟಿಲ್ಲ ಅಂತಿದ್ದ. ಅವರು ಕೇಳಲೇ ಇಲ್ಲ.” ತಾರೀಖಿನ ಮೇಲಿಂದ ಬೆರಳು ತೆಗೆಯದೆ ತಲೆ ಎತ್ತಿದಳು. “ಬಸ್ ಸ್ಟಾಪಿನಲ್ಲಿ ನಮ್ಮಮ್ಮ ನಿಮಗೆ ಸಿಕ್ಕಿದ್ರಲ್ಲ. ಆವಾಗ ನಿಮಗೆ ಗೊತ್ತಿತ್ತಾ?”

ಇಲ್ಲ ಅನ್ನಬಹುದಿತ್ತು. ಹನ್ನೊಂದು ವರ್ಷ ನೋವಾಗಲ್ಲ, ನೋವಾಗಲ್ಲ ಎಂದು ಹೇಳಿ ಪಳಗಿದ ಬಾಯಿ.

“ಗೊತ್ತಿತ್ತು,” ಎಂದಳು ಸೂಜಿಯಕ್ಕ.

ತಾಯಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಅನಿಸಿತು ಸೂಜಿಯಕ್ಕನಿಗೆ. ವರದಿಯನ್ನು ನಾಲ್ಕು ಮಡಿಕೆ ಮಡಚಿ, ಇಸ್ತ್ರಿಯಾದ ಬಟ್ಟೆಗಳ ಅಡಿಯಿಂದ ಹಳೆಯ ಬೂದು ಸ್ವೆಟರ್ ಎಳೆದು, ಅದರ ತೋಳಿನೊಳಗೆ ಆ ಕಾಗದವನ್ನು ತುರುಕಿದಳು.

“ಅವತ್ತು ಮನೆಗೆ ಬಂದು ನಿಮ್ಮನ್ನ ಎಷ್ಟು ಹೊಗಳಿದ್ರು ಗೊತ್ತಾ?” ಎಂದಳು. “ಪಾಪ, ಒಳ್ಳೇ ಹುಡುಗಿ, ಗೊತ್ತಾದ ದಿನವೇ ಓಡಿ ಬರ್ತಾಳಂತೆ ಅಂದ್ರು. ಆಮೇಲೆ ಯಾರು ಬಾಗಿಲು ತಟ್ಟಿದ್ರೂ, ನೋಡೇ, ಆ ಹುಡುಗಿ ಇರಬೇಕು ಅಂತಿದ್ರು.”

ಹುಡುಗ ಗೋಡೆಯ ಗಡಿಯಾರ ನೋಡಿ ಎದ್ದ. “ಮುನ್ನೂರ ಹದಿನೇಳು ಐದು ಹತ್ತಕ್ಕೆ ಹೊರಡುತ್ತೆ,” ಎಂದು ಸೂಜಿಯಕ್ಕನಿಗಾಗಿ ಬಾಗಿಲು ತೆರೆದು ಹಿಡಿದು ನಿಂತ.